ಗಂಬೂಟಿನ ಮಾತು

ಶಾಲೆಯ ವಾರ್ಷಿಕೋತ್ಸವದ ಪಟ್ಟಿಯಲ್ಲಿ ಏಳನೆಯ ಐಟಮ್ಮಿನ ಎದುರು ಬರೆದಿದ್ದ ಎರಡು ಸಾಲನ್ನು ಯೋಗಿತಾ ಮೂರನೆಯ ಸಲ ಓದಿದಳು. ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ. ಹೊರಗೆ ಶಾಮಿಯಾನದ ಗೂಟ ಹೊಡೆಯುವ ಸದ್ದು, ಅದರ ಮಧ್ಯೆ ಮಧ್ಯೆ ಮೈಕಿನವನು ಗಂಟಲು ಸರಿಮಾಡಿಕೊಳ್ಳುವ ಸದ್ದು. ಹಾಳೆ ಕನ್ನಡದ ರಂಗನಾಥ್ ಮಾಸ್ತರರದು. ಶಾಲೆಯ ಎಲ್ಲ ಸಮಾರಂಭಗಳ ನಿರೂಪಣೆ ಅವರದೇ. ‘ಆಫ್ರಿಕಾ ಖಂಡದ ದಟ್ಟ ಕಾನನಗಳಲ್ಲಿ ನೆಲೆಸಿರುವ ಕಾಡುಜನರು ಬೇಟೆ ಮುಗಿಸಿ ಬಂದು ಬೆಂಕಿಯ ಸುತ್ತ ಮೈಮರೆತು ಕುಣಿಯುವ ಉಗ್ರ ನರ್ತನವನ್ನು ನಮ್ಮ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯರು ತಮ್ಮೆದುರು ಸಾದರಪಡಿಸಲಿದ್ದಾರೆ.’ ಅಕ್ಷರ ದುಂಡಗೆ, ಒಂದೂ ತಪ್ಪಿಲ್ಲದೆ ಇತ್ತು. ಒಂದಾದರೂ ಕಾಗುಣಿತದ ತಪ್ಪಿದ್ದಿದ್ದರೆ ಎಂದು ಅವಳಿಗೆ ಆ ಕ್ಷಣ ಅನಿಸಿದ್ದು ವಿಚಿತ್ರವೇ. ತಪ್ಪಿದ್ದಿದ್ದರೆ ಅದನ್ನೇ ಹಿಡಿದುಕೊಂಡು ಹೋಗಿ ಜಗಳ ಶುರುಮಾಡಬಹುದಿತ್ತು. ತಾನು ಬರೆದುಕೊಟ್ಟಿದ್ದ ಚೀಟಿ ಏನಾಯಿತೆಂದು ಹುಡುಕಿದಳು. ಅದು ಅದೇ ಹಾಳೆಯ ಹಿಂದೆ ಪಿನ್ ಹಾಕಿಸಿಕೊಂಡು ತಲೆಕೆಳಗಾಗಿ ಕೂತಿತ್ತು. ‘ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಕೂಲಿಯವರು ಒಬ್ಬರಿಗೊಬ್ಬರು ಮಾತಾಡುವಂತಿರಲಿಲ್ಲ. ಅವರು ಕಾಲಿನ ರಬ್ಬರ್ ಬೂಟು ತಟ್ಟಿ ಮಾತಾಡಿಕೊಂಡರು. ಆ ಮಾತೇ ಈ ಕುಣಿತ.’ ಮೂರು ವಾಕ್ಯ ಬರೆಯಲು ಅವಳಿಗೆ ಒಂದು ಸಂಜೆ ಹಿಡಿದಿತ್ತು. ಅದರ ಮೇಲೆ ಮಾಸ್ತರರು ಕೆಂಪು ಪೆನ್ನಿನಲ್ಲಿ ಒಂದೇ ಒಂದು ಗೆರೆ ಎಳೆದಿದ್ದರು, ಮಕ್ಕಳ ನೋಟ್ ಪುಸ್ತಕದ ಮೇಲೆ ಎಳೆಯುವ ಹಾಗೆ.

ಕೋಪ ಬಂತು ಅನ್ನುವುದಕ್ಕಿಂತ, ಕೋಪ ಮೊದಲಿನಿಂದಲೂ ಎದೆಯಲ್ಲೆಲ್ಲೋ ಕೂತಿದ್ದು ಈಗ ಕಾಲು ನೀಡಿತು ಅನ್ನುವ ಹಾಗಿತ್ತು. ಮೂರು ವಾರ ಈ ಹನ್ನೆರಡು ಹುಡುಗಿಯರು ಊಟದ ಬಿಡುವಿನಲ್ಲಿ ಬಿಸಿಲಿಗೆ ನಿಂತು ಕಲಿತಿದ್ದರು. ತೋಟಕ್ಕೆ ನೀರು ಬಿಡುವಾಗ ಅಪ್ಪಂದಿರು ಹಾಕಿಕೊಳ್ಳುವ ಗಂಬೂಟನ್ನೇ ಕೆಲವರು ತಂದಿದ್ದರು. ಕಾಲಿಗೆ ದೊಡ್ಡದಾಗಿ, ಒಳಗೆ ಬಟ್ಟೆ ತುರುಕಿಕೊಂಡು ಕುಣಿದರು. ಮೊದಲನೆಯ ದಿನ ಅವಳು ಹೇಳಿದ್ದಳು: ಗಣಿಯೊಳಗೆ ನೀರು ನಿಲ್ಲುತ್ತಿತ್ತು, ನೀರು ಹೊರಗೆ ಬಿಡುವುದು ಖರ್ಚಿನ ಕೆಲಸ, ಬೂಟು ಕೊಡುವುದು ಅಗ್ಗ, ಅದಕ್ಕೆ ಬೂಟು ಕೊಟ್ಟರು. ಕತ್ತಲೆ, ಮೊಣಕಾಲಿನವರೆಗೆ ಕೆಸರು, ಬಾಯಿಬಿಟ್ಟರೆ ಏಟು. ಆಗ ಒಬ್ಬ ಬೂಟಿನ ಮೇಲೆ ಎರಡು ಸಲ ತಟ್ಟಿದ. ಆಚೆ ಕತ್ತಲೆಯಿಂದ ಇನ್ನೊಬ್ಬ ಮೂರು ಸಲ ತಟ್ಟಿದ. ಹುಡುಗಿಯರಿಗೆ ಅದು ಎಷ್ಟು ಚೆನ್ನಾಗಿ ಅರ್ಥವಾಗಿತ್ತೆಂದರೆ, ಮಾರನೆಯ ದಿನವೇ ಗಣಿತದ ಪೀರಿಯಡ್ಡಿನಲ್ಲಿ, ಮಾತಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ, ಬೆಂಚಿನ ಕೆಳಗೆ ಶೂ ತಟ್ಟಿ ಸುದ್ದಿ ಕಳಿಸಿದ್ದರಂತೆ. ಗಣಿತದವರು ಬಂದು ದೂರು ಹೇಳಿದಾಗ ಯೋಗಿತಾ ಗಂಭೀರವಾಗಿ ತಲೆಯಾಡಿಸಿ, ಅವರು ಹೋದ ಮೇಲೆ ಒಬ್ಬಳೇ ನಕ್ಕಿದ್ದಳು. ತಿಪಟೂರಿನ ಈ ಶಾಲೆಗೆ ಡ್ಯಾನ್ಸ್ ಟೀಚರಾಗಿ ಸೇರಿದ ನಾಲ್ಕು ವರ್ಷದಲ್ಲಿ ಅವಳು ಕಲಿಸಿದ್ದೆಲ್ಲ ಸಿನಿಮಾ ಹಾಡಿನ ಕುಣಿತ. ಇದೊಂದನ್ನು ಮಾತ್ರ ಅವಳು ತನ್ನದು ಅಂದುಕೊಂಡಿದ್ದಳು. ತನ್ನದು ಅನ್ನುವುದಕ್ಕೆ ತನಗೇನು ಹಕ್ಕು ಅನ್ನುವ ಪ್ರಶ್ನೆಯೂ ಕೂಡಲೇ ಬರುತ್ತಿತ್ತು. ಅದನ್ನು ಅವಳು ಬೇಗ ದಾಟಿಬಿಡುತ್ತಿದ್ದಳು.

ರಂಗನಾಥ್ ಮಾಸ್ತರರು ಕಾಫಿ ಲೋಟ ಹಿಡಿದು ಒಳಗೆ ಬಂದರು. ಅವಳ ಕೈಯಲ್ಲಿ ಹಾಳೆ ಕಂಡು ಮುಖ ಅರಳಿಸಿದರು.

“ಹೆಂಗಿದೆಯಮ್ಮ? ಉಗ್ರ ನರ್ತನ ಅಂತ ಹಾಕ್ದೆ. ಸಭೆಗೆ ಒಂದು ಕುತೂಹಲ ಹುಟ್ಟಬೇಕಲ್ಲ.”

“ಇದು ಕಾಡಿನದಲ್ಲ ಸಾರ್. ಗಣೀದು. ಪಟ್ಟಣದ ಕೂಲಿಯವರದು. ಬರ್ಕೊಟ್ಟಿದ್ನಲ್ಲ.”

“ಓದ್ದೆ ಓದ್ದೆ. ಗಣಿ ಅಂದ್ರೆ ಜನ ಕೋಲಾರ ಅನ್ಕೋತಾರೆ. ಕೂಲಿ ಅಂದ್ರೆ ಸಪ್ಪೆ. ಶುಭಕಾರ್ಯದಲ್ಲಿ ಏಟು, ಕತ್ತಲೆ, ಇವೆಲ್ಲ ಯಾಕೆ? ಆಫ್ರಿಕಾ ಅಂದ್ಮೇಲೆ ಕಾಡು ಬರ್ಲೇಬೇಕು ಕಣಮ್ಮ.”

“ಅಲ್ಲಿ ನಮಗಿಂತ ದೊಡ್ಡ ದೊಡ್ಡ ಊರುಗಳಿವೆ ಸಾರ್.”

“ಇರ್ಲಿ ಬುಡಮ್ಮ, ನಾವೇನು ಬೇಡ ಅಂದ್ವಾ?” ಎಂದು ಅವರು ನಕ್ಕು, ಹಾಳೆಯನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಮಡಚಿ ಜೇಬಿಗಿಟ್ಟರು. ಆ ಮೆಲ್ಲಗೆ ತೆಗೆದುಕೊಂಡ ರೀತಿಯೇ ಅವಳನ್ನು ಹೆಚ್ಚು ಚುಚ್ಚಿತು. ಕಿತ್ತುಕೊಂಡಿದ್ದರೆ ತಾನೂ ಏನಾದರೂ ಅನ್ನಬಹುದಿತ್ತು.

ಉಗ್ರ ನರ್ತನ. ತಾಂಡೇಕಾ ಕೇಳಿದ್ದರೆ ಏನನ್ನುತ್ತಿದ್ದಳು? ಬಹುಶಃ ಏನೂ ಅನ್ನುತ್ತಿರಲಿಲ್ಲ. ಒಂದು ಹುಬ್ಬು ಏರಿಸಿ, ಬಾಯಿಯ ಒಂದೇ ಕೊನೆಯಲ್ಲಿ ನಗುತ್ತಿದ್ದಳು. ಮೈಸೂರಿನಲ್ಲಿ ಯೋಗಿತಾ ಎಂ.ಕಾಂ. ಓದುವಾಗ ಹಾಸ್ಟೆಲ್ಲಿನ ಅದೇ ಮಹಡಿಯಲ್ಲಿ ಕೊನೆಯ ರೂಮು ಅವಳದು. ದಕ್ಷಿಣ ಆಫ್ರಿಕಾದ ಒಂದು ಗಣಿ ಊರಿನಿಂದ ಆಹಾರ ವಿಜ್ಞಾನ ಓದಲು ಬಂದವಳು. ಭಾನುವಾರ ಹಾಸ್ಟೆಲ್ಲಿನ ತಾರಸಿಯ ಮೇಲೆ ನೀರಿನ ಟ್ಯಾಂಕಿನ ನೆರಳಲ್ಲಿ ಒಬ್ಬಳೇ ಕುಣಿಯುತ್ತಿದ್ದಳು. ಬಟ್ಟೆ ಒಣಹಾಕಲು ಹೋದ ಯೋಗಿತಾ ಬಕೆಟ್ಟು ಕೆಳಗಿಟ್ಟು ನಿಂತುಬಿಟ್ಟಿದ್ದಳು. ಅಲ್ಲಿಯವರೆಗೆ ಅವಳಿಗೆ ಕುಣಿತವೆಂದರೆ ಮೇಲಕ್ಕೆ ಹೋಗುವುದು, ಬೆರಳ ತುದಿ, ಕಣ್ಣು, ಮುಗುಳ್ನಗೆ. ಇವಳು ನೆಲದ ಕಡೆಗೆ ಕುಣಿಯುತ್ತಿದ್ದಳು. ನೆಲಕ್ಕೆ ಏನೋ ಕೇಳುತ್ತಿದ್ದಾಳೆ, ನೆಲ ಉತ್ತರ ಕೊಡುತ್ತಿದೆ ಅನ್ನುವ ಹಾಗೆ ಕಿವಿಗೊಟ್ಟು ಕುಣಿಯುತ್ತಿದ್ದಳು. ಎರಡು ವರ್ಷ ಅವಳು ಕಲಿಸಿದಳು, ಕಲಿಸುತ್ತಲೇ ಹೇಳಿದಳು. ಇದು ಪಾಂಟ್ಸುಲಾ, ಬುಲ್‌ಡೋಜರ್ ತಂದು ಮನೆ ಕೆಡವಿ ಊರ ಹೊರಗೆ ಸಾಗಿಸಿದ ಜನ ಕ್ಯಾನ್ವಾಸ್ ಶೂ ಹಾಕಿಕೊಂಡು ಬೀದಿಯಲ್ಲಿ ಕಟ್ಟಿದ್ದು. ಇದು ಕುಡೂರೊ, ಅಂಗೋಲಾದ್ದು, ಯುದ್ಧದ ಮಧ್ಯೆ ಹುಟ್ಟಿದ್ದು, ನೆಲದಲ್ಲಿ ಹೂತಿಟ್ಟ ಬಾಂಬಿಗೆ ಕಾಲು ಕಳಕೊಂಡವರು ಕುಂಟುವುದನ್ನೇ ಹೆಜ್ಜೆ ಮಾಡಿಕೊಂಡದ್ದೂ ಇದರಲ್ಲಿದೆ. ಇದು ಬ್ರೇಕಿಂಗು, ನ್ಯೂಯಾರ್ಕಿನಲ್ಲಿ ಮನೆಗಳು ಸುಟ್ಟು ಬೂದಿಯಾದ ಬೀದಿಗಳಲ್ಲಿ, ದೀಪದ ಕಂಬದಿಂದ ಕರೆಂಟು ಎಳೆದು ಹಾಡು ಹಾಕಿ, ರಟ್ಟಿನ ಪೆಟ್ಟಿಗೆ ಬಿಚ್ಚಿ ಹಾಸಿ, ಅದರ ಮೇಲೆ ತಲೆ ಕೆಳಗಾದದ್ದು. ಒಂದೊಂದು ಹೆಜ್ಜೆಗೂ ಒಂದು ಊರು, ಒಂದು ವರ್ಷ, ಒಂದು ಸಿಟ್ಟು ಇರುತ್ತದೆ ಎನ್ನುತ್ತಿದ್ದಳು. ಊರಿನ ಹೆಸರು ಹೇಳದೆ ಹೆಜ್ಜೆ ಮಾತ್ರ ಎತ್ತಿಕೊಂಡರೆ ಅದು ಕದ್ದ ಮಾಲು. ಗಂಬೂಟಿನದನ್ನು ಕೊನೆಗೆ ಕಲಿಸಿದಳು, ಅದು ಅವಳ ತಾತನದು. ಗಣಿಯ ಯಜಮಾನರು ಆಮೇಲೆ ಅದನ್ನೇ ತಮಾಷೆಗೆಂದು ನೆಂಟರಿಗೆ ತೋರಿಸಲು ಆಡಿಸುತ್ತಿದ್ದರಂತೆ. ಕೂಲಿಯವರು ಯಜಮಾನರಿಗೆ ತಿಳಿಯದ ಭಾಷೆಯಲ್ಲಿ ಯಜಮಾನರನ್ನೇ ಅಣಕಿಸಿ ಹಾಡುತ್ತಿದ್ದರು. ಯಜಮಾನರು ಚಪ್ಪಾಳೆ ತಟ್ಟುತ್ತಿದ್ದರು.

ಅವಳನ್ನು ತನ್ನೂರು ನೊಣವಿನಕೆರೆಗೆ ಕರೆದುಕೊಂಡು ಬಂದದ್ದು ಎರಡನೆಯ ವರ್ಷದ ಬೇಸಿಗೆಯಲ್ಲಿ. ಆ ಮಧ್ಯಾಹ್ನವನ್ನು ಯೋಗಿತಾ ಎಷ್ಟು ಸಲ ನೆನೆಸಿಕೊಂಡಿದ್ದಳೆಂದರೆ ಅದು ನೆನಪಿಗಿಂತ ಬಾಯಿಪಾಠವಾಗಿಬಿಟ್ಟಿತ್ತು. ಅಮ್ಮ ಪುಟ್ಟಗೌರಮ್ಮ ಅವಳ ಹೆಸರು ನಾಲಿಗೆಗೆ ಸಿಗದೆ ತಾಂಡವ್ವ ಅಂದಳು. ತಾತ ಸಣ್ಣತಿಮ್ಮಯ್ಯ ಕುರ್ಚಿಯಿಂದ ಏಳದೆ, “ಯಾವ ಪೈಕಿಯಂತೆ?” ಎಂದು ಕೇಳಿದ. ಊಟಕ್ಕೆ ಜಗಲಿಯ ಮೇಲೆ ಬಡಿಸಿದರು, ಕಾಯಿ ಕೀಳುವವರಿಗೆ ಕೊಡುವ ಅಂಚು ಮುರಿದ ತಟ್ಟೆಯಲ್ಲಿ. ಒಳಗೆ ಸೆಕೆ, ಇಲ್ಲಿ ಗಾಳಿ ಬರುತ್ತೆ, ಬಂದವರಿಗೆ ನಾವು ಇಲ್ಲೇ ಬಡಿಸುವುದು ಅಂದಿದ್ದಳು ಯೋಗಿತಾ. ತಾಂಡೇಕಾ ಮುದ್ದೆ ಮುರಿದು ಸಾರಿಗೆ ಅದ್ದಿ, ನಮ್ಮಲ್ಲೂ ಹೀಗೇ ಇದೆ, ಮುಸುಕಿನ ಜೋಳದ್ದು, ಬೆಳ್ಳಗಿರುತ್ತೆ ಎಂದು ಸಂತೋಷದಿಂದ ಉಂಡಳು. ತಟ್ಟೆ ಎಲ್ಲಿಡಲಿ ಎಂದು ಕೇಳಿದಳು. ಯೋಗಿತಾ ಹಿತ್ತಲಿನ ಕಲ್ಲು ತೋರಿಸಿದಳು. ಅಲ್ಲಿ, ಮನೆಯ ಪಾತ್ರೆಗಳಿಂದ ಒಂದು ಮಾರು ದೂರದಲ್ಲಿ, ಅಂಥದೇ ಇನ್ನೆರಡು ತಟ್ಟೆ ಬೋರಲಾಗಿದ್ದವು. ತಾಂಡೇಕಾ ಅವುಗಳನ್ನು ನೋಡಿದಳು, ತೊಳೆದಳು, ಬೋರಲು ಹಾಕಿದಳು. ಸಂಜೆ ತೋಟದಲ್ಲಿ ನಡೆಯುವಾಗ, ನನ್ನ ಅಜ್ಜಿ ಬಿಳಿಯರ ಮನೆಯಲ್ಲಿ ಅಡುಗೆಗಿದ್ದಳು, ಅವಳಿಗೂ ಒಂದು ತಗಡಿನ ತಟ್ಟೆ ಬೇರೆ ಇತ್ತು ಎಂದಳು. ಅಷ್ಟೇ. ಆಮೇಲೆ ತೆಂಗಿನ ಮರಕ್ಕೆ ಎಷ್ಟು ವರ್ಷ ಆಯಸ್ಸು ಎಂದು ಕೇಳಿದಳು. ಅಮ್ಮನ ಮೇಲೆ ಆ ಸಿಟ್ಟನ್ನು ಯೋಗಿತಾ ಏಳು ವರ್ಷದಿಂದ ಹೊತ್ತುಕೊಂಡಿದ್ದಳು. ಇವತ್ತು ಬೆಳಿಗ್ಗೆ ಹೊರಡುವಾಗಲೂ, “ನಿನ್ ಮಕ್ಳ ಕುಣ್ತ ನೋಡಕ್ಕೆ ಬತ್ತೀನಿ ಕಣೇ, ಹಸ ಯಾರಾದ್ರೂ ನೋಡ್ಕೊಂಡ್ರೆ” ಎಂದಿದ್ದಕ್ಕೆ, ಬೇಡ ಬಿಡಮ್ಮ ಎಂದು ಒರಟಾಗಿಯೇ ಹೇಳಿ ಬಸ್ ಹತ್ತಿದ್ದಳು.

ಹನ್ನೆರಡು ಗಂಟೆಗೆ ಕಾರ್ಯದರ್ಶಿಗಳ ರೂಮಿಗೆ ಹೋದಳು. ಜ್ಞಾನೇಶ್ ಕೊಬ್ಬರಿ ಮಂಡಿಯ ಮನೆತನದವರು, ಐವತ್ತರ ಹತ್ತಿರದವರು, ಯಾರಿಗೂ ಏಕವಚನ ಆಡದವರು. ಎದ್ದು ನಿಂತು ಕುರ್ಚಿ ತೋರಿಸಿದರು. ನಿರೂಪಣೆಯ ವಿಷಯ ಅವಳು ಹೇಳಿ ಮುಗಿಸುವವರೆಗೂ ಮಧ್ಯೆ ಬಾಯಿಹಾಕದೆ ಕೇಳಿದರು. ಕೇಳಿ, ಮೇಜಿನ ಮೇಲಿದ್ದ ಫೋನಿನಲ್ಲಿ ಒಂದು ಫೋಟೋ ತೋರಿಸಿದರು. ಯಾವುದೋ ಶಾಲೆಯ ಮಕ್ಕಳು, ಮುಖಕ್ಕೆ ಮೈಗೆ ಕಪ್ಪು ಬಣ್ಣ, ಸೊಂಟಕ್ಕೆ ಗರಿಯ ಲಂಗ, ಕೈಯಲ್ಲಿ ಮೂಳೆಯಂಥದೇನೋ.

“ಮೇಕಪ್ಪಿನ ಗಂಗಾಧರ್‌ಗೆ ಇದನ್ನೇ ಕಳ್ಸಿದ್ದೆ ಮೇಡಂ. ಗರಿ ನಮ್ ತೋಟದ್ದೇ. ನೀವು ಹೇಳಿರೋ ಪ್ಯಾಂಟು ಶರ್ಟು ಗಂಬೂಟು, ಅದು ನೋಡಕ್ಕೆ ಪೌರಕಾರ್ಮಿಕರ ಥರ ಕಾಣುತ್ತೆ ಕಣ್ರೀ.”

“ಅವರು ಕಾರ್ಮಿಕರೇ ಸಾರ್.”

“ಸರಿ, ಬೂಟಿರ್ಲಿ. ನಿಮ್ಮ ಮಾತಿಗೆ ಬೂಟಿರ್ಲಿ. ಲಂಗ ಬೇಡ ಅಂದ್ರೆ ಅದೂ ಬೇಡ. ಮುಖಕ್ಕೆ ಮಾತ್ರ ಬಣ್ಣ ಹಚ್ಚಿಸಿಬಿಡೋಣ. ಇಲ್ದಿದ್ರೆ ಆಫ್ರಿಕಾ ಅಂತ ಗೊತ್ತಾಗೋದು ಹೆಂಗೆ?”

“ಮುಖಕ್ಕೆ ಮಸಿ ಬಳಿಯೋದು ಯಾರಿಗೆ ಸಾರ್? ಕಳ್ಳರಿಗೆ. ನನಗೆ ಕಲಿಸಿದೋಳು ಆ ದೇಶದೋಳು. ಅವಳು ಬಂದು ಮುಂದೆ ಕೂತ್ರೆ ನಾನು ಮುಖ ಎಲ್ಲಿಟ್ಕೊಳ್ಲಿ?”

ಜ್ಞಾನೇಶ್ ಅವಳನ್ನು ಕನಿಕರದಿಂದ ನೋಡಿದರು. “ಅವರು ಬರಲ್ವಲ್ಲ ಮೇಡಂ,” ಎಂದರು. ಆಮೇಲೆ ಇನ್ನೂ ಮೃದುವಾಗಿ, “ನಮಗೇನಿಲ್ಲ ಕಣ್ರೀ. ನೋಡೋರಿಗೆ ಒಂಥರ ಆಗ್ಬಾರ್ದು, ಅಷ್ಟೆ.”

ನಮಗೇನಿಲ್ಲ, ನೋಡೋರಿಗೆ ಒಂಥರ. ಈ ಮಾತನ್ನು ಅವಳು ಮೊದಲು ಕೇಳಿದ್ದಳು. ಎಲ್ಲಿ ಕೇಳಿದ್ದೆಂದು ತಡಕುವಷ್ಟರಲ್ಲಿ ಅವಳಿಗೆ ಆ ದನಿ ಸಿಕ್ಕಿತು, ಅದು ಅವಳದೇ ದನಿಯಾಗಿತ್ತು. ನಡುಮನೆಯ ಬಾಗಿಲಲ್ಲಿ ನಿಂತು, ಪಿಸುಮಾತಿನಲ್ಲಿ, ಇಪ್ಪತ್ತಮೂರು ವರ್ಷದ ಯೋಗಿತಾ ಹೇಳುತ್ತಿದ್ದಳು. ಅಮ್ಮ ನಡುಮನೆಯಲ್ಲಿ ಎರಡು ಎಲೆ ಹಾಕಿದ್ದಳು. ಹೌದು, ಎರಡು ಬಾಳೆಲೆ, ಒಂದರ ಪಕ್ಕ ಒಂದು, ನೀರು ಚಿಮುಕಿಸಿ ಒರೆಸಿಟ್ಟಿದ್ದಳು. ಉಪ್ಪು ಬಡಿಸಲು ಬಗ್ಗಿದವಳು ತಲೆ ಎತ್ತಿ ಮಗಳ ಮುಖ ನೋಡಿದಳು. ‘ಹೊರಗೇ ಬಡಿಸಿಬಿಡಮ್ಮ. ತಾತ ಏನಾದ್ರೂ ಅಂದ್ರೆ ಅವಳಿಗೆ ಬೇಜಾರು. ನಮಗೇನಿಲ್ಲ, ನೋಡೋರಿಗೆ ಒಂಥರ.’ ‘ಅಯ್ಯೋ, ಪಾಪ, ಅಷ್ಟು ದೂರದಿಂದ ಬಂದೈತೆ’ ಅಂದಿದ್ದಳು ಅಮ್ಮ. ಆಮೇಲೆ ಓದಿದ ಮಗಳಿಗೆ ತನಗಿಂತ ತಿಳಿದಿರಬೇಕು ಅಂದುಕೊಂಡಳೋ ಏನೋ, ಎಲೆಗಳನ್ನು ಮಡಚಿ ಎತ್ತಿದಳು. ಯಾವ ತಟ್ಟೆ ಎಂದು ಕೇಳಿದವಳು ಅಮ್ಮ, ಕೈ ತೋರಿಸಿದವಳು ತಾನು. ಏಳು ವರ್ಷ ಇಷ್ಟು ಭಾಗವನ್ನು ಎಲ್ಲಿ ಅಡಗಿಸಿಟ್ಟಿದ್ದೆ? ಬಾಯಿಪಾಠದಲ್ಲಿ ಒಂದು ಸಾಲು ಹಾರಿಸಿದರೆ ಮುಂದಿನ ಸಲ ಅದು ತಾನಾಗಿಯೇ ಹಾರಿಹೋಗುತ್ತದೆ, ಕೊನೆಗೆ ಇದ್ದದ್ದೇ ಅಷ್ಟು ಅನಿಸುತ್ತದೆ. ತಾಂಡೇಕಾಳಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಜಗಲಿಗೂ ನಡುಮನೆಗೂ ಮಧ್ಯೆ ಇದ್ದದ್ದು ಒಂದು ಬಾಗಿಲು. ಎರಡು ಎಲೆ ಹಾಕಿದ್ದೂ ಎತ್ತಿದ್ದೂ ಕಣ್ಣಿಗೆ ಕಾಣುವಂಥದು, ಅದಕ್ಕೆ ಭಾಷೆ ಬೇಕಾಗಿರಲಿಲ್ಲ. ಎದುರಿಗಿದ್ದ ಜ್ಞಾನೇಶರ ಮೇಲೆ ಅವಳಿಗೆ ಎದ್ದ ಸಿಟ್ಟು ಈಗ ಲೆಕ್ಕವಿಲ್ಲದಷ್ಟಾಯಿತು. ಅದರಲ್ಲಿ ಅವರ ಪಾಲೆಷ್ಟು, ತನ್ನ ಪಾಲೆಷ್ಟು ಎಂದು ಬೇರೆ ಮಾಡಲು ಅವಳಿಗೆ ಆಗಲಿಲ್ಲ, ಮನಸ್ಸೂ ಇರಲಿಲ್ಲ.

“ಬಣ್ಣ ಹಚ್ಚಿದ್ರೆ ನನ್ ಮಕ್ಕಳು ಕುಣಿಯಲ್ಲ ಸಾರ್,” ಎಂದಳು.

“ನೋಡೋಣ ಮೇಡಂ,” ಎಂದರು ಜ್ಞಾನೇಶ್, ಬಾಗಿಲವರೆಗೆ ಕಳಿಸಲು ಬಂದರು.

ಸಮಾರಂಭ ಮೂರು ಗಂಟೆಗೆ. ಹಳ್ಳಿಯ ಬಸ್ಸುಗಳು ತಪ್ಪದಿರಲಿ ಎಂದು ಯಾವಾಗಲೂ ಹಗಲಲ್ಲೇ ಮುಗಿಸುತ್ತಿದ್ದರು. ಮೂರೂವರೆಗೆ ಅವಳು ಚಿಕ್ಕ ಮಕ್ಕಳ ಸಾಲು ಸರಿಮಾಡಿ ಮೇಕಪ್ ರೂಮಿಗೆ ಬರುವಷ್ಟರಲ್ಲಿ ಹನ್ನೊಂದು ಮುಖಕ್ಕೆ ಬಣ್ಣ ಬಿದ್ದಾಗಿತ್ತು. ಬಣ್ಣ ಇನ್ನೂ ಹಸಿ. ಹುಡುಗಿಯರು ಕನ್ನಡಿಯಲ್ಲಿ ನೋಡಿಕೊಂಡು, ಒಬ್ಬರನ್ನೊಬ್ಬರು ನೋಡಿಕೊಂಡು, ಬಿಳಿ ಹಲ್ಲು ಕಿಸಿದು ನಗುತ್ತಿದ್ದರು. ಬೆಂಚಿನ ತುದಿಯಲ್ಲಿ ಇಂಪನಾ ಕೂತಿದ್ದಳು. ಅವಳೂ ನೊಣವಿನಕೆರೆಯವಳೇ, ಹನ್ನೆರಡು ಜನರಲ್ಲಿ ಎಲ್ಲರಿಗಿಂತ ಚೆನ್ನಾಗಿ ಕುಣಿಯುವವಳು, ಮಧ್ಯದಲ್ಲಿ ನಿಂತು ಎಲ್ಲರನ್ನೂ ನಡೆಸುವವಳು. ಮೈಬಣ್ಣ ಕಪ್ಪು. ಗಂಗಾಧರ್ ಸ್ಪಂಜು ಹಿಡಿದು ಅವಳ ಮುಂದೆ ನಿಂತು, ಗಲ್ಲ ಎತ್ತಿ ನೋಡಿ, ಪ್ರೀತಿಯಿಂದಲೇ ಅಂದ:

“ನಿಂಗೆ ಬ್ಯಾಡ ಬುಡವ್ವ. ನೀನು ಹುಟ್ತಾನೇ ಬಳ್ಕೊಂಡು ಬಂದಿದೀಯ.”

ಹನ್ನೊಂದು ಜನ ನಕ್ಕರು. ಇಂಪನಾಳೂ ನಕ್ಕಳು. ಎಲ್ಲರಿಗಿಂತ ಮುಂಚೆ, ಎಲ್ಲರಿಗಿಂತ ಜೋರಾಗಿ ನಕ್ಕಳು. ಆ ನಗು ಎಷ್ಟು ತಯಾರಾಗಿತ್ತೆಂದರೆ, ಇದು ಮೊದಲ ಸಲವಲ್ಲ ಎಂದು ಯೋಗಿತಾಳಿಗೆ ತಿಳಿಯಿತು. ಅಜ್ಜಿ ಎಣ್ಣೆ ಹಚ್ಚುವಾಗ, ಅಂಗಡಿಯವನು ಬಟ್ಟೆ ತೋರಿಸುವಾಗ, ನೆಂಟರು ಬಂದಾಗ, ದಿನದಿನವೂ ಅಭ್ಯಾಸ ಮಾಡಿದ ನಗು. ಯೋಗಿತಾ ಗಂಗಾಧರನ ಕೈಯ ಸ್ಪಂಜು ಕಿತ್ತು ಎಸೆದಳು. ಅವನು ಬೆಪ್ಪಾಗಿ, “ಯಾಕ್ ಮೇಡಂ, ಸೆಕೆಟ್ರಿ ಹೇಳಿದ್ದು,” ಎಂದ. ಉದ್ಘಾಟನೆಯ ದೀಪಕ್ಕೆಂದು ತಂದು ಉಳಿದಿದ್ದ ಕೊಬ್ಬರಿ ಎಣ್ಣೆಯ ಬಾಟಲಿ ವೇದಿಕೆಯ ಹಿಂದೆ ಇತ್ತು. ಅದನ್ನು ತಂದು, ಪರದೆಯ ಹಳೇ ಬಟ್ಟೆ ಹರಿದು, ಒಬ್ಬೊಬ್ಬಳನ್ನೇ ಎಳೆದು ನಿಲ್ಲಿಸಿ ಮುಖ ಒರೆಸತೊಡಗಿದಳು. ಬಣ್ಣ ಬಿಡಿಸುವಾಗ ಹುಡುಗಿಯರ ಕಣ್ಣಲ್ಲಿ ನೀರು ಬಂತು. ಒಬ್ಬಳು, ಮಿಸ್, ಚೆನ್ನಾಗಿತ್ತಲ್ಲ ಮಿಸ್ ಎಂದಳು. ಒಬ್ಬಳು ನೋವು ಅಂದಳು. ಯೋಗಿತಾ ಯಾರ ಮಾತೂ ಕೇಳಿಸಿಕೊಳ್ಳಲಿಲ್ಲ. ಇಂಪನಾ ಬೆಂಚಿನ ಮೇಲೆ ಕೂತು ಬೂಟು ಹಾಕಿಕೊಳ್ಳುತ್ತ, ಟೀಚರನ್ನು ಒಂದು ಥರ ಹೆದರಿಕೆಯಿಂದ ನೋಡುತ್ತಿದ್ದಳು. ಐದು ಮುಖ ಮುಗಿದು ಆರನೆಯದನ್ನು ಹಿಡಿಯುವಾಗ ಏಳನೆಯ ಐಟಮ್ಮಿಗೆ ಕರೆ ಬಂತು.

ಪರದೆ ಎದ್ದಾಗ ವೇದಿಕೆಯ ಮೇಲೆ ಆರು ಕಪ್ಪು ಮುಖ, ಐದು ಎಣ್ಣೆ ಮುಖ, ಮಧ್ಯದಲ್ಲಿ ಇಂಪನಾ. ಶಾಮಿಯಾನದ ಕೆಳಗೆ ಐನೂರು ಜನ ಇದ್ದರು. ಮೊದಲ ಸಾಲಿನಲ್ಲಿ ಜ್ಞಾನೇಶ್ ಮತ್ತು ಅತಿಥಿಗಳು, ಹಿಂದೆ ಕಡಲೆಕಾಯಿ ಸುಲಿಯುತ್ತಿದ್ದ ಅಪ್ಪಂದಿರು, ಮಡಿಲಲ್ಲಿ ಕೂಸು ಮಲಗಿಸಿಕೊಂಡ ತಾಯಂದಿರು. ರಂಗನಾಥ್ ಮಾಸ್ತರರು ದಟ್ಟ ಕಾನನ ಎಂದು ದನಿ ತಗ್ಗಿಸಿ, ಉಗ್ರ ನರ್ತನ ಎಂದು ಏರಿಸಿ ಓದಿದರು. ಯೋಗಿತಾ ಪಕ್ಕದಿಂದ ನಡೆದುಬಂದು ಮೈಕು ತೆಗೆದುಕೊಂಡಳು. ಮಾಸ್ತರರು, ಏನೋ ಪ್ರಕಟಣೆ ಇರಬೇಕೆಂದು, ತಾವೇ ಹಿಂದೆ ಸರಿದು ಜಾಗ ಕೊಟ್ಟರು.

“ಈಗ ಓದಿದ್ದು ಸುಳ್ಳು,” ಎಂದಳು. ಮೈಕಿನಲ್ಲಿ ತನ್ನ ದನಿ ಬೇರೆ ಯಾರದೋ ಅನಿಸಿತು. “ಇದು ಕಾಡಿನ ಕುಣಿತ ಅಲ್ಲ. ಗಣಿ ಕೆಲಸದವರು ಮಾಡಿದ್ದು. ಅವರ ಬಾಯಿ ಮುಚ್ಚಿಸಿದ್ರು, ಅದಕ್ಕೆ ಕಾಲಲ್ಲಿ ಮಾತಾಡಿದ್ರು. ನನಗೆ ಇದನ್ನ ಕಲಿಸಿದೋಳ ಹೆಸರು ತಾಂಡೇಕಾ. ಅವಳ ತಾತ ಅಲ್ಲಿ ಕೂಲಿ ಮಾಡ್ದೋನು. ಈ ಮಕ್ಕಳ ಮುಖಕ್ಕೆ ಇವತ್ತು ಬಣ್ಣ ಬಳಿದ್ರು. ನಾನು ಬೇಡ ಅಂದೆ, ಆದ್ರೂ ಬಳಿದ್ರು. ಯಾಕೆ ಬಳಿದ್ರಿ?” ಶಾಮಿಯಾನದಲ್ಲಿ ಸದ್ದಡಗಿತ್ತು. ಆ ಮೌನ ಅವಳಿಗೆ ಧೈರ್ಯ ಕೊಟ್ಟಿತು. ಇನ್ನೂ ಒಂದು ಮಾತು, ಎಲ್ಲರ ಎದೆಗೆ ನಾಟುವ ಒಂದು ಮಾತು ಹೇಳಬೇಕೆನಿಸಿತು. ಇಂಪನಾಳ ಕಡೆ ಕೈ ತೋರಿಸಿದಳು. “ಈ ಹುಡುಗಿಗೆ, ಈ ಇಂಪನಾಗೆ, ಏನಂದ್ರು ಗೊತ್ತಾ? ನಿನಗೆ ಬಣ್ಣ ಬೇಡ, ನೀನು ಹುಟ್ಟುತ್ತಲೇ ಬಳ್ಕೊಂಡು ಬಂದಿದೀಯ ಅಂದ್ರು.”

ಶಾಮಿಯಾನದ ಹಿಂದಿನಿಂದ ಯಾರೋ ಒಬ್ಬ ನಕ್ಕ. ಆಮೇಲೆ ಅವನ ಪಕ್ಕದವರು. ಆಮೇಲೆ ಅದು ಸಾಲುಸಾಲಾಗಿ ಮುಂದೆ ಬಂತು. ಯಾರಲ್ಲೂ ಕೆಟ್ಟ ಮನಸ್ಸಿರಲಿಲ್ಲ, ಮಾತು ತಮಾಷೆಯಾಗಿತ್ತು, ಅದಕ್ಕೆ ನಕ್ಕರು, ಅಷ್ಟೆ. ಐನೂರು ಜನರ ನಗು ವೇದಿಕೆಯ ಹಲಗೆಯನ್ನು ಮುಟ್ಟಿತು. ಯೋಗಿತಾ ಮೈಕನ್ನು ಬಾಯಿಗೆ ಇನ್ನೂ ಹತ್ತಿರ ಹಿಡಿದಳು. ಆಗ ಹಿಂದಿನಿಂದ ಧಪ್ ಎಂದಿತು. ಇಂಪನಾ ಹಾಡಿಗೆ ಕಾಯದೆ ಎಡಗಾಲು ನೆಲಕ್ಕೆ ಕುಟ್ಟಿದ್ದಳು. ಬಗ್ಗಿ ಬೂಟಿನ ಮೇಲೆ ಎರಡು ಸಲ ತಟ್ಟಿದಳು. ಹನ್ನೊಂದು ಜನ ತಬ್ಬಿಬ್ಬಾಗಿ ಅವಳನ್ನು ನೋಡಿದರು. ಅವಳು ಮತ್ತೆ ಕುಟ್ಟಿದಳು, ಮತ್ತೆ ತಟ್ಟಿದಳು. ಈ ಸಲ ಎಡಗಡೆಯ ಮೂವರು ಉತ್ತರ ಕೊಟ್ಟರು, ಆಮೇಲೆ ಬಲಗಡೆಯವರು, ಆಮೇಲೆ ಎಲ್ಲರೂ. ಹಾಡಿಲ್ಲದೆ, ಇಪ್ಪತ್ತನಾಲ್ಕು ಬೂಟು ಹಲಗೆಯನ್ನು ಮುರಿಯುವ ಹಾಗೆ ಕುಣಿದರು. ಅವಳು ಕಲಿಸಿದ್ದಕ್ಕಿಂತ ವೇಗವಾಗಿ, ಅವಳು ಕಲಿಸಿರದಷ್ಟು ಸಿಟ್ಟಿನಿಂದ ಕುಣಿದರು. ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಪಕ್ಕಕ್ಕೆ ಸರಿದು ಪರದೆ ಹಿಡಿದು ನಿಂತ ಯೋಗಿತಾಳ ಕಣ್ಣು ತುಂಬಿತು. ಹುಡುಗಿ ಜನರಿಗೆ ಉತ್ತರ ಕೊಟ್ಟಳು ಎಂದುಕೊಂಡಳು. ತನ್ನ ಹುಡುಗಿ. ಮುಗಿದಾಗ ಜನ ಎದ್ದುನಿಂತು ಸಿಳ್ಳೆ ಹೊಡೆದರು. ಮೊದಲ ಸಾಲಿನಲ್ಲಿ ಜ್ಞಾನೇಶ್ ತಲೆಯ ಮೇಲೆ ಕೈ ಎತ್ತಿ ಚಪ್ಪಾಳೆ ತಟ್ಟುತ್ತಿದ್ದರು.

ಐದು ಗಂಟೆಗೆ ಅವರೇ ಕರೆಸಿದರು. ಅವಳು ಕೂತ ಮೇಲೆ ಕಾಫಿ ತರಿಸಿದರು. ಕೂಗಾಡುತ್ತಾರೆ, ತಾನೂ ಕೂಗಾಡಬಹುದು ಎಂದು ಅವಳು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು.

“ಡ್ಯಾನ್ಸ್ ಫಸ್ಟ್ ಕ್ಲಾಸ್ ಮೇಡಂ. ಅತಿಥಿಗಳೂ ಹೇಳಿದ್ರು,” ಎಂದರು ಜ್ಞಾನೇಶ್. “ಆದ್ರೆ ವೇದಿಕೆ ಮೇಲೆ ಮಾಸ್ಟ್ರನ್ನ ಸುಳ್ಳು ಅಂದ್ರಿ. ದೊಡ್ಡೋರು ಅವರು, ಒಳಗೋಗಿ ಕೂತು ಅತ್ರು. ಮುಂದಿನ ವರ್ಷಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೋತೀವಿ. ತಪ್ಪು ತಿಳ್ಕೋಬೇಡಿ. ಕಾಫಿ ಆರುತ್ತೆ, ತಗೊಳ್ಳಿ.”

ಅವಳು ಕಾಫಿ ಕುಡಿದಳು. ಯಾಕೆ ಕುಡಿದೆ ಎಂದು ಆಮೇಲೆ ತುಂಬಾ ಹೊತ್ತು ಅಂದುಕೊಂಡಳು. ರಂಗನಾಥ್ ಮಾಸ್ತರರು ಅತ್ತರೆನ್ನುವುದು ಅವಳು ಲೆಕ್ಕಕ್ಕೆ ಹಿಡಿಯದಿದ್ದ ಸಂಗತಿ.

ನಲ್ಲಿಯ ಹತ್ತಿರ ಇಂಪನಾ ಒಬ್ಬಳೇ ಬೂಟು ತೊಳೆಯುತ್ತಿದ್ದಳು. ಉಳಿದವರು ಹೋಗಿಯಾಗಿತ್ತು. ಯೋಗಿತಾ ಅವಳ ತಲೆ ಸವರಲು ಕೈ ಚಾಚಿದಳು. ಹುಡುಗಿ ತಲೆಯನ್ನು ಆಚೆಗೆ ತೆಗೆದುಕೊಂಡಳು.

“ಚೆನ್ನಾಗಿ ಶುರು ಮಾಡ್ದೆ ಕಣೇ. ಅವರಿಗೆಲ್ಲ ಸರಿಯಾದ ಉತ್ತರ ಕೊಟ್ಟೆ.”

“ಅವರಿಗಲ್ಲ ಮಿಸ್,” ಎಂದಳು ಇಂಪನಾ, ನೀರು ನಿಲ್ಲಿಸದೆ. “ನೀವು ನಿಲ್ಲಿಸ್ಲಿ ಅಂತ ಶುರು ಮಾಡಿದ್ದು.”

ಹುಡುಗಿ ಬೂಟಿನ ಒಳಗೆ ಕೈ ಹಾಕಿ ಉಜ್ಜಿದಳು.

“ಗಂಗಾಧರಣ್ಣ ಅಂದಿದ್ದು ಹನ್ನೊಂದು ಜನಕ್ಕೆ ಕೇಳ್ತು. ನೀವು ಮೈಕಲ್ಲಿ ಹೇಳಿದ್ದು ಊರಿಗೆಲ್ಲ ಕೇಳ್ತು. ನಮ್ಮಪ್ಪ ಬಂದಿದ್ರು. ಹಿಂದೆ ಜನ ಅವರ ಪಕ್ಕದಲ್ಲೇ ಕೂತ್ಕೊಂಡು ನಕ್ರಂತೆ. ಅಪ್ಪ ಡ್ಯಾನ್ಸ್ ನೋಡ್ದೆ ಎದ್ದೋದ್ರು.” ಅವಳ ದನಿ ಒಡೆಯಲಿಲ್ಲ. ಯೋಗಿತಾ ಮೂರು ವಾರದಲ್ಲಿ ಇವಳ ಬಾಯಿಂದ ಇಷ್ಟು ಮಾತು ಒಟ್ಟಿಗೆ ಕೇಳಿರಲಿಲ್ಲ. “ನಾನು ನಗ್ತಿದ್ನಲ್ಲ ಮಿಸ್. ಅಲ್ಲಿಗೆ ಮುಗೀತಿತ್ತು. ನಿಮ್ಮನ್ಯಾರು ಕೇಳಿದ್ರು?”

ನಿನ್ನ ಒಳ್ಳೆಯದಕ್ಕೇ ಹೇಳಿದ್ದು ಅನ್ನುವ ಮಾತು ಯೋಗಿತಾಳ ನಾಲಿಗೆಯ ತುದಿಗೆ ಬಂದಿತ್ತು. ತಾಂಡೇಕಾಳಿಗೆ ಬೇಜಾರಾಗಬಾರದು ಎಂದು ಅಮ್ಮನಿಗೆ ಪಿಸುಗುಟ್ಟಿದ್ದ ನಾಲಿಗೆಯೇ ಇದು. ಅವತ್ತು ಬಾಗಿಲ ಹಿಂದೆ ಪಿಸುಗುಟ್ಟಿ, ಇವತ್ತು ಮೈಕಿನಲ್ಲಿ ಬಾಯಿ ತೆರೆದು, ಎರಡು ಸಲವೂ ತಾನು ಎದುರಿಗಿದ್ದವಳನ್ನು ಒಂದು ಮಾತು ಕೇಳಿರಲಿಲ್ಲ. ಬಂದ ಮಾತನ್ನು ನುಂಗಿಕೊಂಡಳು.

“ತಪ್ಪಾಯ್ತು ಇಂಪನಾ,” ಎಂದಳು.

ಹುಡುಗಿ ನಲ್ಲಿ ನಿಲ್ಲಿಸಿದಳು. ಬೂಟುಗಳನ್ನು ಬೋರಲು ಹಿಡಿದು ನೀರು ಸುರಿದಳು. ಸರಿ ಬಿಡಿ ಮಿಸ್ ಎನ್ನಬಹುದು ಎಂದು ಯೋಗಿತಾ ಕಾದಳು. ಕಾಯುತ್ತಿದ್ದೇನೆಂದು ಗೊತ್ತಾಗಿ ನಾಚಿಕೆಯಾಯಿತು. ಇಂಪನಾ ಎರಡು ಬೂಟನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು, ಗೇಟಿನ ಕಡೆ ನಡೆದಳು.

ನೊಣವಿನಕೆರೆಯ ಬಸ್ಸು ನಿಲ್ದಾಣದಿಂದ ಹೊರಟಾಗ ಇನ್ನೂ ಬೆಳಕಿತ್ತು. ಯೋಗಿತಾ ಮಧ್ಯದ ಸೀಟಿನಲ್ಲಿ ಕಿಟಕಿಯ ಪಕ್ಕ ಕೂತಿದ್ದಳು. ಬಸ್ಸು ಜಗ್ಗುವ ಹೊತ್ತಿಗೆ ಇಂಪನಾ ಓಡಿಬಂದು ಹತ್ತಿದಳು. ಹತ್ತಿದವಳು ಟೀಚರನ್ನು ನೋಡಿದಳು, ಅವಳ ಪಕ್ಕದ ಖಾಲಿ ಸೀಟನ್ನೂ ನೋಡಿದಳು. ಅದೊಂದೇ ಖಾಲಿ ಇದ್ದದ್ದು. ಮುಂದಿನ ಬಾಗಿಲ ಹತ್ತಿರ ಕಂಬಿ ಹಿಡಿದು, ಬೆನ್ನು ತಿರುಗಿಸಿ ನಿಂತಳು. ಕಂಡಕ್ಟರ್ ಟಿಕೆಟ್ಟಿಗೆ ಬಂದವನು, “ಸೀಟೈತಲ್ಲವ್ವ, ಕೂತ್ಕೋ,” ಎಂದ. ಹುಡುಗಿ ಬೇಡವೆಂದು ತಲೆಯಾಡಿಸಿದಳು. ಅವನು ಯೋಗಿತಾಳ ಕಡೆ ನೋಡಿ, “ಇಬ್ರೂ ಒಂದೇ ಸ್ಕೂಲಲ್ವ?” ಎಂದ. ಯೋಗಿತಾ ಹೌದೆಂದಳು. ಬಾ ಎಂದು ಕರೆಯಬಹುದಿತ್ತು. ಟೀಚರ್ ಕರೆದರೆ ಹುಡುಗಿ ಬಂದು ಕೂರಬೇಕಾಗುತ್ತಿತ್ತು, ಕೂತು ನಗಬೇಕಾಗುತ್ತಿತ್ತು. ಯೋಗಿತಾ ಕರೆಯಲಿಲ್ಲ. ತನ್ನ ಚೀಲವನ್ನು ಆ ಸೀಟಿನ ಮೇಲಿಡಬೇಕೆನಿಸಿತು, ಇಡಲಿಲ್ಲ. ಬಸ್ಸು ತೋಟಗಳ ಮಧ್ಯೆ ನಿಂತು ನಿಂತು ಹೋಯಿತು. ಇಂಪನಾ ಊರು ಬರುವವರೆಗೂ, ಒಂದು ಸಲವೂ ಹಿಂತಿರುಗಿ ನೋಡದೆ, ನಿಂತೇ ಬಂದಳು.